ಸೊಂಟಕ್ಕೂ ಸೆಖೆಗೂ ಒಗ್ಗುವ ಹೋಲ್‌ಸ್ಟರ್ ಆರಿಸುವುದು

ಪರವಾನಗಿ ಪಡೆದ ಸಣ್ಣ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಂಡು ಓಡಾಡಬೇಕಾದವರಿಗಾಗಿ, ಅದನ್ನು ಇಡುವ ಒರೆಯಾದ ಹೋಲ್‌ಸ್ಟರ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಉತ್ತರ ಕನ್ನಡದಲ್ಲಿ ಕೋವಿ ಅಪರೂಪದ ವಸ್ತುವಲ್ಲ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದ ಮನೆಗಳು ಎಷ್ಟೋ ಊರುಗಳಲ್ಲಿವೆ. ಕೋವಿಯನ್ನು ಎಲ್ಲಿ ಇಡಬೇಕು, ಹೇಗೆ ಒರೆಸಬೇಕು ಎಂದು ಹೇಳಿಕೊಡುವ ಹಿರಿಯರೂ ಇದ್ದಾರೆ. ಪಿಸ್ತೂಲಿನ ವಿಷಯ ಹಾಗಲ್ಲ. ಇಟ್ಟುಕೊಂಡವರೇ ಕಡಿಮೆ, ಅದರ ಬಗ್ಗೆ ಬಾಯಿಬಿಡುವವರು ಇನ್ನೂ ಕಡಿಮೆ. ಹೀಗಾಗಿ ಪಿಸ್ತೂಲಿಗೆ ದೊಡ್ಡ ಮೊತ್ತ ಕೊಟ್ಟವರೂ ಹೋಲ್‌ಸ್ಟರ್ ವಿಷಯದಲ್ಲಿ ಅಂಗಡಿಯವನು ಕೈಗೆ ಕೊಟ್ಟದ್ದನ್ನೇ ತೆಗೆದುಕೊಂಡು ಬರುತ್ತಾರೆ.

ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರ ಮಾಡುವವನು. ಕೊಯ್ಲಿನ ತಿಂಗಳುಗಳಲ್ಲಿ ಹಣ ಹಿಡಿದು ಹಳ್ಳಿಗಳಿಗೆ ಹೋಗುವುದು, ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ವ್ಯವಹಾರ ಮುಗಿಸಿ ಕತ್ತಲಾದ ಮೇಲೆ ಘಟ್ಟ ಹತ್ತುವುದು ನನ್ನ ಕೆಲಸದಲ್ಲಿ ತಪ್ಪಿದ್ದಲ್ಲ. ಪರವಾನಗಿ ಸಿಕ್ಕಿದ್ದೂ ಆ ಕಾರಣಕ್ಕೇ. ಇಷ್ಟು ವರ್ಷಗಳಲ್ಲಿ ನನಗೆ ಗಟ್ಟಿಯಾಗಿ ಮನವರಿಕೆಯಾದದ್ದು ಒಂದು: ಮೈಮೇಲಿರುವ ಪಿಸ್ತೂಲಿಗಿಂತ ಮೈಯಿಂದ ತೆಗೆದಿಟ್ಟ ಪಿಸ್ತೂಲೇ ಹೆಚ್ಚು ಅಪಾಯಕಾರಿ. ಹೋಲ್‌ಸ್ಟರ್ ಚುಚ್ಚುತ್ತದೆ, ಬೆವರುತ್ತದೆ, ಕೂತರೆ ಒತ್ತುತ್ತದೆ ಎಂದು ಜನ ಅದನ್ನು ಬಿಚ್ಚಿ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ, ದಿಂಬಿನ ಕೆಳಗೆ ಇಡುತ್ತಾರೆ. ಕಳವಾಗುವುದು, ಮಕ್ಕಳ ಕೈಗೆ ಸಿಗುವುದು, ಆತುರದಲ್ಲಿ ಮರೆತು ಬರುವುದು ಎಲ್ಲವೂ ಅಲ್ಲಿಂದ ಶುರು. ಬೆಳಿಗ್ಗೆ ಕಟ್ಟಿಕೊಂಡರೆ ರಾತ್ರಿ ಬೀಗದ ಪೆಟ್ಟಿಗೆಗೆ ಹೋಗುವವರೆಗೆ ಬಿಚ್ಚಬೇಕೆಂದೇ ಅನಿಸದ ಹೋಲ್‌ಸ್ಟರ್ ನಮಗೆ ಬೇಕು. ಹಿತ ಎಂದು ನಾನು ಹೇಳುವುದು ಇದಕ್ಕೆ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರುಗಳನ್ನು ಅದಕ್ಕೆಂದೇ ಮಾಡಿದ ಹೋಲ್‌ಸ್ಟರ್‌ನಲ್ಲಿ ಮೈಗೆ ಕಟ್ಟಿಕೊಂಡು ಅಥವಾ ಬೆನ್ನಚೀಲದಂಥದ್ದರಲ್ಲಿ ಇಟ್ಟುಕೊಂಡು ಒಯ್ಯಬೇಕು. ಆಯುಧ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಅಂದರೆ ಪಿಸ್ತೂಲನ್ನು ಬರಿದೇ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅಪಾಯಕಾರಿ ಮಾತ್ರವಲ್ಲ, ನಿಯಮಕ್ಕೂ ವಿರುದ್ಧ. ಹೊರಗೆ ಹಿಡಿಕೆ ಕಾಣುವಂತೆ ಕಟ್ಟಿಕೊಂಡು ಪೇಟೆಯಲ್ಲಿ ತಿರುಗುವುದೂ ಹಾಗೆಯೇ. ಮುಚ್ಚಿಡುವುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ.

ಸಾಮಾನ್ಯ ನಾಗರಿಕರಿಗೆ 9 ಎಂ.ಎಂ. ಪಿಸ್ತೂಲು ನಿಷಿದ್ಧ ಬೋರಿನದು (ಬೋರ್ ಎಂದರೆ ನಳಿಗೆಯ ಒಳ ಅಗಲ). ನಮ್ಮ ಕೈಗೆ ಬರುವುದು ಹೆಚ್ಚಾಗಿ .32 ಬೋರಿನವು, ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದವು ಅಥವಾ ಹಿಂದಿನ ಕಾಲದಲ್ಲಿ ಹೊರದೇಶದಿಂದ ಬಂದು ಮನೆತನದಲ್ಲಿ ಉಳಿದವು. ವಾಲ್ಥರ್ ಪಿಪಿಕೆಯಂಥ ಹಳೆಯ ಪಿಸ್ತೂಲು ಉದ್ದದಲ್ಲಿ ಸುಮಾರು 155 ಮಿಲಿಮೀಟರ್, ದಪ್ಪದಲ್ಲಿ 25 ಮಿಲಿಮೀಟರ್, ತೂಕ 600 ಗ್ರಾಂ ಆಸುಪಾಸು. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ ನಿರ್ಭೀಕ್ ರಿವಾಲ್ವರ್ ಅರ್ಧ ಕಿಲೋ ತೂಗುತ್ತದೆ. ಈ ತೂಕವನ್ನು ಹೊರುವುದು ಯಾರಿಗೂ ಕಷ್ಟವಲ್ಲ. ಆ ತೂಕವೆಲ್ಲ ಒಂದೇ ಜಾಗದಲ್ಲಿ, ಒಂದೇ ಮೂಳೆಯ ಮೇಲೆ ದಿನವಿಡೀ ಕೂತರೆ ಕಷ್ಟ.

ಟ್ರಿಗರ್, ಬಾಯಿ, ಹಿಡಿತ ನೋಡಿ

ಅಂಗಡಿಯಲ್ಲಿ ಹೋಲ್‌ಸ್ಟರ್ ಕೈಗೆ ಬಂದಾಗ ಬಣ್ಣ, ಹೊಲಿಗೆಯ ಅಂದ ಆಮೇಲಿರಲಿ. ಮೊದಲು ಟ್ರಿಗರ್ ಇರುವ ಜಾಗವನ್ನು ನೋಡಿ. ಟ್ರಿಗರ್ ಮತ್ತು ಅದನ್ನು ಸುತ್ತುವರಿದ ಬಳೆ ಎರಡೂ ಬದಿಗಳಿಂದ ಸಂಪೂರ್ಣ ಮುಚ್ಚಿರಬೇಕು. ಬೆರಳನ್ನು ಹೊರಗಿನಿಂದ ಒತ್ತಿದರೆ ಟ್ರಿಗರ್‌ವರೆಗೆ ತಲುಪಬಾರದು. ಮೆತ್ತನೆಯ ಬಟ್ಟೆಯ ಮೇಲಿನಿಂದಲೂ ಟ್ರಿಗರ್ ಒತ್ತಿಹೋಗಬಹುದು. ಆದ್ದರಿಂದ ಮುಚ್ಚಿದರೆ ಸಾಲದು, ಮುಚ್ಚುವ ವಸ್ತು ಗಡುಸಾಗಿಯೂ ಇರಬೇಕು.

ಎರಡನೆಯದು ಬಾಯಿ. ಪಿಸ್ತೂಲನ್ನು ಹೊರತೆಗೆದ ಮೇಲೂ ಹೋಲ್‌ಸ್ಟರ್‌ನ ಬಾಯಿ ತೆರೆದೇ ಇರಬೇಕು. ಒಳ್ಳೆಯ ಚರ್ಮದ ಹೋಲ್‌ಸ್ಟರ್‌ನಲ್ಲಿ ಬಾಯಿಯ ಸುತ್ತ ಇನ್ನೊಂದು ಪದರ ಚರ್ಮ ಇಟ್ಟು, ಕೆಲವೊಮ್ಮೆ ಒಳಗೆ ತೆಳುವಾದ ತಗಡಿನ ಪಟ್ಟಿಯನ್ನೂ ಸೇರಿಸಿ ಹೊಲಿದಿರುತ್ತಾರೆ. ಬಾಯಿ ಮುಚ್ಚಿಕೊಳ್ಳುವ ಹೋಲ್‌ಸ್ಟರ್ ಆದರೆ ಮರಳಿ ಇಡುವಾಗ ಎಡಗೈಯಿಂದ ಅದನ್ನು ಅಗಲಿಸಬೇಕಾಗುತ್ತದೆ. ಆ ಹೊತ್ತಿಗೆ ನಳಿಗೆ ನಮ್ಮದೇ ಬೆರಳುಗಳತ್ತ ತಿರುಗಿರುತ್ತದೆ. ಇನ್ನೂ ಕೆಟ್ಟದ್ದು, ಸಡಿಲಾದ ಬಾಯಿಯ ಚರ್ಮ ಮಡಚಿ ಒಳಗೆ ಸರಿದು ಟ್ರಿಗರ್‌ಗೆ ಸಿಕ್ಕಿಕೊಳ್ಳುವುದು. ಪಿಸ್ತೂಲನ್ನು ಕೆಳಗೆ ಒತ್ತಿದಂತೆ ಆ ಮಡಿಕೆಯೇ ಬೆರಳಿನ ಕೆಲಸ ಮಾಡಿಬಿಡುತ್ತದೆ. ಹಳೆಯ, ಮೆತ್ತಗಾದ ಹೋಲ್‌ಸ್ಟರ್‌ಗಳಿಂದ ತೊಡೆಗೆ ಗುಂಡು ಹೊಕ್ಕ ಘಟನೆಗಳು ಜಗತ್ತಿನಲ್ಲಿ ನಿಜವಾಗಿ ನಡೆದಿವೆ. ಅಂಗಿಯ ಅಂಚು, ಜಾಕೆಟ್ಟಿನ ದಾರದ ತುದಿ ಸಹ ಇದೇ ಕೆಲಸ ಮಾಡಬಲ್ಲವು. ಆದ್ದರಿಂದ ಮರಳಿ ಇಡುವಾಗ ಬಟ್ಟೆ ಸರಿಸಿ, ಬಾಯಿಯನ್ನು ಕಣ್ಣಿನಿಂದ ನೋಡಿ, ನಿಧಾನವಾಗಿ ಇಡಬೇಕು. ಬೇಗ ಹೊರತೆಗೆಯುವುದನ್ನು ಹೊಗಳುವವರು ಬಹಳ. ನಿಧಾನವಾಗಿ ಇಡುವವನ ಮೇಲೆ ನನಗೆ ಹೆಚ್ಚು ಗೌರವ.

ಮೂರನೆಯದು ಹಿಡಿತ. ಮೊದಲು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಪಿಸ್ತೂಲು ಖಾಲಿ ಇದೆಯೆಂದು ಎರಡು ಬಾರಿ ನೋಡಿಕೊಂಡು, ಹೋಲ್‌ಸ್ಟರ್‌ಗೆ ಇಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲುಗಾಡಿಸಿ. ಜಾರಿ ಬಿದ್ದರೆ ಆ ಹೋಲ್‌ಸ್ಟರ್ ಬೇಡ. ಮೇಲಿನಿಂದ ಗುಂಡಿ ಹಾಕುವ ಪಟ್ಟಿ ಇದ್ದರೆ ಒಳ್ಳೆಯದೇ, ಆದರೆ ಪಟ್ಟಿಯೊಂದನ್ನೇ ನಂಬಿದ ಹೋಲ್‌ಸ್ಟರ್ ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಬಿಚ್ಚಿದಾಗಲೂ ಅದು ಹಿಡಿದುಕೊಳ್ಳಬೇಕು. ಇದು ಸಾಧ್ಯವಾಗುವುದು ಹೋಲ್‌ಸ್ಟರ್ ನಿಮ್ಮದೇ ಮಾದರಿಯ ಪಿಸ್ತೂಲಿಗೆಂದು ಮಾಡಿದ್ದಾಗ ಮಾತ್ರ. ‘ಎಲ್ಲ ಪಿಸ್ತೂಲಿಗೂ ಆಗುತ್ತದೆ’ ಎಂದು ಮಾರುವ ನೈಲಾನ್ ಚೀಲಗಳು ಮೇಲಿನ ಮೂರು ಪರೀಕ್ಷೆಗಳಲ್ಲಿಯೂ ಸೋಲುತ್ತವೆ. ಅಗ್ಗವೆಂದು ಅದನ್ನು ಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಳೆಯ ಪಿಸ್ತೂಲು ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಹಿಂದಿನ ಅನೇಕ ವಿನ್ಯಾಸಗಳಲ್ಲಿ, ಪಿಸ್ತೂಲು ನೆಲಕ್ಕೆ ಬಿದ್ದರೆ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ) ಮುಂದೆ ಚಿಮ್ಮದಂತೆ ತಡೆಯುವ ವ್ಯವಸ್ಥೆ ಇಲ್ಲ. ಅಂಥದ್ದನ್ನು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ, ಗುಂಡಿಟ್ಟು ಒಯ್ಯುವುದು ಸಲ್ಲ. ಹೋಲ್‌ಸ್ಟರ್ ಎಷ್ಟೇ ಒಳ್ಳೆಯದಿದ್ದರೂ ಈ ಮಾತು ಬದಲಾಗುವುದಿಲ್ಲ.

ಚರ್ಮವೋ ಪ್ಲಾಸ್ಟಿಕ್ಕೋ

ಒಣ ಹವೆಯ ಊರಿನವರು ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಉಪಯೋಗ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಮಳೆ ನಿಂತ ಮೇಲೆ ಉಪ್ಪುಗಾಳಿ, ಮಾರ್ಚ್ ಬಂತೆಂದರೆ ಅಂಗಿ ಮೈಗಂಟುವ ಸೆಖೆ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಕಪಾಟಿನಲ್ಲಿಟ್ಟ ಚಪ್ಪಲಿಗೆ ವಾರದೊಳಗೆ ಬೂಷ್ಟು ಹಿಡಿಯುವ ಊರು ಇದು. ಇಲ್ಲಿ ಹೋಲ್‌ಸ್ಟರ್‌ನ ಮೊದಲ ಶತ್ರು ತೇವ.

ಕೈಡೆಕ್ಸ್ ಎಂಬ ಗಡುಸು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಪಿಸ್ತೂಲಿನ ಆಕಾರಕ್ಕೆ ಒತ್ತಿ ಮಾಡಿದ ಹೋಲ್‌ಸ್ಟರ್‌ಗಳು ಈಗ ಎಲ್ಲೆಡೆ ಬಂದಿವೆ. ಮೊದಲು ವಿಮಾನಗಳ ಒಳಭಾಗಕ್ಕೆಂದು ಬಂದ ವಸ್ತು ಅದು. ಬೆವರು ಹೀರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಬಾಯಿ ಎಂದಿಗೂ ಮುಚ್ಚಿಕೊಳ್ಳುವುದಿಲ್ಲ, ಸಾಬೂನು ನೀರಿನಲ್ಲಿ ತೊಳೆದು ಒರೆಸಿದರೆ ಮುಗಿಯಿತು. ಸ್ಕ್ರೂ ತಿರುಗಿಸಿ ಹಿಡಿತವನ್ನು ಬಿಗಿ ಮಾಡಬಹುದು, ಸಡಿಲಿಸಬಹುದು. ಕರಾವಳಿಯಲ್ಲಿ ವರ್ಷವಿಡೀ ಇರುವವರಿಗೆ, ಅದರಲ್ಲೂ ಮಳೆಗಾಲಕ್ಕೆ, ನಾನು ಇದನ್ನೇ ಹೇಳುತ್ತೇನೆ. ಕಷ್ಟ ಇರುವುದು ಅಂಚಿನಲ್ಲಿ. ಅಗ್ಗದವುಗಳ ಅಂಚನ್ನು ಉಜ್ಜಿ ನುಣುಪು ಮಾಡಿರುವುದಿಲ್ಲ. ಬೆವರಿದ ಚರ್ಮಕ್ಕೆ ಅದು ಉಜ್ಜಿ ಗಾಯವಾಗುತ್ತದೆ. ಕೊಳ್ಳುವಾಗ ಅಂಚಿನ ಸುತ್ತ ಹೆಬ್ಬೆರಳು ಎಳೆದು ನೋಡಿ. ಒಳಗೊಂದು ಬನಿಯನ್ ಹಾಕಿಕೊಳ್ಳುವುದನ್ನು ತಪ್ಪಿಸಬೇಡಿ. ಪ್ಲಾಸ್ಟಿಕ್ಕು ಬೆವರನ್ನು ಹೀರದ ಕಾರಣ ಆ ಬೆವರೆಲ್ಲ ಪಿಸ್ತೂಲಿನ ಲೋಹದ ಮೇಲೆಯೇ ನಿಲ್ಲುತ್ತದೆ. ಹೀಗಾಗಿ ದಿನವೂ ಒರೆಸುವುದು ಅನಿವಾರ್ಯ.

ಚರ್ಮ ಮೈಗೆ ಹೆಚ್ಚು ಹಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಚರ್ಮ? ತಂಗಡಿ ತೊಗಟೆ, ಅಳಲೆಕಾಯಿಯಂಥ ಗಿಡಮೂಲದ ವಸ್ತುಗಳಲ್ಲಿ ಹದ ಮಾಡಿದ ಚರ್ಮ ಗಟ್ಟಿಯಾಗಿರುತ್ತದೆ, ಒದ್ದೆ ಮಾಡಿ ಅಚ್ಚಿಗೆ ಒತ್ತಿದರೆ ಆ ಆಕಾರವನ್ನು ಹಿಡಿದು ಒಣಗುತ್ತದೆ. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಚರ್ಮ ಮೃದು, ಚೀಲಕ್ಕೂ ಅಂಗಿಗೂ ಚೆನ್ನ. ಹೋಲ್‌ಸ್ಟರ್‌ಗೆ ಅದು ಹೊಂದುವುದಿಲ್ಲ, ಲೋಹಕ್ಕೆ ತುಕ್ಕು ಹಿಡಿಸುವ ಗುಣವೂ ಅದಕ್ಕಿದೆ. ಕತ್ತರಿಸಿದ ಅಂಚನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತೊಗಟೆಯಲ್ಲಿ ಹದವಾದದ್ದು ಒಳಗೂ ಹೊರಗೂ ಕಂದು. ಕ್ರೋಮಿನದು ನಡುವೆ ನೀಲಿ ಬೆರೆತ ಬೂದು ಬಣ್ಣ ತೋರಿಸುತ್ತದೆ. ಬಣ್ಣ ಹಚ್ಚದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟರೆ ಮೊದಲನೆಯದು ಹೀರಿ ಕಪ್ಪಾಗುತ್ತದೆ. ಸೊಂಟದ ಹೊರಗೆ ಕಟ್ಟುವ ಹೋಲ್‌ಸ್ಟರ್‌ಗೆ ಮೂರರಿಂದ ಮೂರೂವರೆ ಮಿಲಿಮೀಟರ್ ದಪ್ಪದ ಚರ್ಮ, ಪ್ಯಾಂಟಿನ ಒಳಗೆ ಕಟ್ಟುವುದಕ್ಕೆ ಎರಡೂವರೆ ಮಿಲಿಮೀಟರ್ ಸುತ್ತಮುತ್ತಲಿನದು ಸಾಕು.

ನನ್ನ ಚರ್ಮದ ಹೋಲ್‌ಸ್ಟರ್ ಶಿರಸಿಯಲ್ಲೇ ಹೊಲಿಸಿದ್ದು. ಚಪ್ಪಲಿ, ಬೆಲ್ಟು ಮಾಡುವ ಹಿರಿಯರೊಬ್ಬರು ಹೊಲಿದುಕೊಟ್ಟರು. ಪಿಸ್ತೂಲನ್ನು ಅವರ ಬಳಿ ಬಿಟ್ಟುಬರುವ ಪ್ರಶ್ನೆಯೇ ಇರಲಿಲ್ಲ. ಪರವಾನಗಿ ಇಲ್ಲದವರ ವಶಕ್ಕೆ ಆಯುಧ ಕೊಡುವುದು ಅಪರಾಧ. ಆದ್ದರಿಂದ ನಾನೇ ಮನೆಯಲ್ಲಿ ಅಳತೆ ತೆಗೆದು, ಬಡಗಿಯಿಂದ ಹಲಸಿನ ಮರದಲ್ಲಿ ಅದೇ ಆಕಾರದ ಅಚ್ಚು ಕೆತ್ತಿಸಿಕೊಂಡು ಹೋದೆ. ಅವರು ಅಚ್ಚನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಟೇಪನ್ನು ಪಕ್ಕಕ್ಕಿಟ್ಟು, “ಸೊಂಟದ ಅಳತೆ ಆಮೇಲೆ ತೆಗೆಯೋಣ ಹೆಗಡೆಯವರೇ, ಮೊದಲು ನೆಲದ ಮೇಲೆ ಕೂತು ತೋರಿಸಿ” ಎಂದರು. ಕೂತೆ. ಸೊಂಟದ ಮೂಳೆಯ ಹಿಂದೆ ಎಲ್ಲಿ ತಗ್ಗಾಗುತ್ತದೆ, ಹೊಟ್ಟೆ ಎಲ್ಲಿ ಮುಂದೆ ಬರುತ್ತದೆ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಚರ್ಮವನ್ನು ನೀರಿನಲ್ಲಿ ಅದ್ದಿ ತೆಗೆದು, ಅಚ್ಚಿನ ಮೇಲೆ ಮಡಚಿ, ನುಣುಪಾದ ಮೂಳೆಯ ತುಂಡಿನಿಂದ ಟ್ರಿಗರ್ ಬಳೆಯ ಗೆರೆ ಎದ್ದು ಬರುವವರೆಗೆ ಉಜ್ಜಿದರು. ಆ ಗೆರೆಯೇ ಹಿಡಿತ ಕೊಡುವುದು. ಪಿಸ್ತೂಲು ಒಳಗೆ ಹೋದಾಗ ಅಲ್ಲಿ ಸಣ್ಣದಾಗಿ ‘ಟಕ್’ ಎಂದು ಕೂರುತ್ತದೆ. ನೆರಳಲ್ಲೇ ಒಣಗಿಸಬೇಕು, ಅದೂ ಚಳಿಗಾಲದಲ್ಲೋ ಬೇಸಿಗೆಯಲ್ಲೋ. ಮಳೆಗಾಲದಲ್ಲಿ ಒತ್ತಿಸಿದ ಚರ್ಮ ಒಣಗುವ ಮೊದಲೇ ಬೂಷ್ಟು ಬರುತ್ತದೆ. ಹೊಲಿಸುವವರು ಯುಗಾದಿಯ ಆಚೀಚೆ ಹೊಲಿಸಿಕೊಳ್ಳಿ.

ಒಳಭಾಗ ಚರ್ಮ, ಹೊರಭಾಗ ಕೈಡೆಕ್ಸ್ ಇರುವ ಮಿಶ್ರ ಹೋಲ್‌ಸ್ಟರ್‌ಗಳೂ ಸಿಗುತ್ತವೆ. ಒಣ ಊರಿನಲ್ಲಿ ಅವು ಉತ್ತಮ. ನಮ್ಮಲ್ಲಿ ಆ ದೊಡ್ಡ ಚರ್ಮದ ಹಾಳೆ ಬೆವರು ಕುಡಿದು ಮೆತ್ತಗಾಗಿ ಬಾಯಿಯತ್ತ ಮಡಚುತ್ತದೆ. ನಾನು ಅದರ ಪರವಾಗಿಲ್ಲ.

ಎಲ್ಲಿ ಕಟ್ಟಬೇಕು

ಸೊಂಟವನ್ನು ಗಡಿಯಾರ ಎಂದುಕೊಂಡು, ಹೊಕ್ಕುಳನ್ನು ಹನ್ನೆರಡು ಎಂದು ಎಣಿಸುವುದು ಎಲ್ಲ ಕಡೆಯ ರೂಢಿ. ಬಲಗೈಯವರಿಗೆ ಮೂರು ಗಂಟೆ ಎಂದರೆ ಬಲ ಸೊಂಟದ ನೇರ ಪಕ್ಕ, ನಾಲ್ಕು ಎಂದರೆ ಅದಕ್ಕಿಂತ ತುಸು ಹಿಂದೆ, ಒಂದು ಎಂದರೆ ಹೊಟ್ಟೆಯ ಮುಂದೆ. ಹೊಟ್ಟೆಯ ಮುಂದೆ ಕಟ್ಟುವ ಕ್ರಮಕ್ಕೆ ಹೊರದೇಶಗಳಲ್ಲಿ ಈಗ ಬಹಳ ಪ್ರಚಾರ. ಅಲ್ಲಿ ಜನ ಕೂರುವುದು ಕುರ್ಚಿಯ ಮೇಲೆ.

ನಮ್ಮ ದಿನವನ್ನು ನೋಡಿ. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ತೋಟದ ಮನೆಗೆ ಹೋದರೆ ಜಗಲಿಯ ಚಾಪೆಯ ಮೇಲೆ ಕೂತು ಕವಳ ಹಾಕುತ್ತೇವೆ. ಅಡಿಕೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ತೆಗೆದು ಕಚ್ಚಿ ನೋಡುತ್ತೇವೆ. ಮಧ್ಯಾಹ್ನ ಎಲೆಯ ಮುಂದೆ ಬಗ್ಗಿ ಊಟ. ಈ ಎಲ್ಲ ಭಂಗಿಗಳಲ್ಲೂ ತೊಡೆ ಮೇಲೆದ್ದು ಹೊಟ್ಟೆಗೆ ಒತ್ತುತ್ತದೆ. ಮುಂದೆ ಕಟ್ಟಿದ ಪಿಸ್ತೂಲಿನ ಹಿಡಿಕೆ ಪಕ್ಕೆಲುಬಿಗೆ, ನಳಿಗೆ ತೊಡೆಯ ಸಂದಿಗೆ ಚುಚ್ಚುತ್ತದೆ. ನಳಿಗೆ ಸದಾ ತೊಡೆಯ ದೊಡ್ಡ ರಕ್ತನಾಳದತ್ತಲೇ ಮುಖ ಮಾಡಿರುತ್ತದೆ ಎಂಬುದು ಇನ್ನೊಂದು. ನೆಲದ ಮೇಲೆ ಕೂರುವವನಿಗೆ ಈ ಜಾಗ ಬೇಡವೇ ಬೇಡ.

ನನ್ನ ತೀರ್ಮಾನ ಮೂರೂವರೆ ಮತ್ತು ನಾಲ್ಕರ ನಡುವೆ, ಸೊಂಟದ ಮೂಳೆಯ ಹಿಂದಿನ ತಗ್ಗಿನಲ್ಲಿ. ಮೂಳೆಯ ಮೇಲೆ ಸರಿಯಾಗಿ ಕೂತರೆ ಸಂಜೆಗೆ ಕೆಂಪಗಾಗುತ್ತದೆ, ಬೆರಳು ಅಗಲ ಹಿಂದೆ ಸರಿಸಿದರೆ ಇದೆಯೋ ಇಲ್ಲವೋ ಎಂಬಂತಿರುತ್ತದೆ. ಅಡಗಿಸಲು ಕಷ್ಟವಾಗುವುದು ನಳಿಗೆಯಲ್ಲ, ಹಿಡಿಕೆ. ಅದೇ ಅಂಗಿಯ ಹಿಂದೆ ಉಬ್ಬಿ ಕಾಣುವುದು. ಹೋಲ್‌ಸ್ಟರ್ ಹತ್ತು ಹದಿನೈದು ಡಿಗ್ರಿ ಮುಂದಕ್ಕೆ ವಾಲಿದ್ದರೆ ಹಿಡಿಕೆ ಬೆನ್ನಿನ ಗೆರೆಗೆ ಸಮನಾಗಿ ಮಲಗುತ್ತದೆ, ಬಗ್ಗಿದಾಗ ಅಂಗಿಯನ್ನು ಎತ್ತುವುದಿಲ್ಲ.

ಬೆನ್ನಿನ ನಡುವೆ, ಆರು ಗಂಟೆಗೆ, ಎಂದೂ ಕಟ್ಟಬೇಡಿ. ಮಳೆಗಾಲದ ಘಟ್ಟದ ರಸ್ತೆಯಲ್ಲಿ ಬೈಕು ಜಾರಿ ಅಂಗಾತ ಬಿದ್ದರೆ ಬೆನ್ನುಮೂಳೆಗೆ ನೇರ ಪೆಟ್ಟು. ಕಣಕಾಲಿನ ಹೋಲ್‌ಸ್ಟರ್ ಪಂಚೆ ಉಡುವವರಿಗೆ, ಕೆಸರು ತುಳಿಯುವವರಿಗೆ ಅಲ್ಲ. ಹೆಗಲಿನದಕ್ಕೆ ಮೇಲೊಂದು ಕೋಟು ಬೇಕು. ಕುಮಟಾದ ಏಪ್ರಿಲ್‌ನಲ್ಲಿ ಕೋಟು ಹಾಕಿದವನನ್ನು ಎಲ್ಲರೂ ತಿರುಗಿ ನೋಡುತ್ತಾರೆ.

ಪ್ಯಾಂಟಿನ ಒಳಗೆ ಕಟ್ಟುವುದು ಚೆನ್ನಾಗಿ ಅಡಗುತ್ತದೆ, ಆದರೆ ಪ್ಯಾಂಟಿನ ಸೊಂಟ ನಿಮ್ಮ ಅಳತೆಗಿಂತ ಒಂದೂವರೆ ಎರಡು ಇಂಚು ದೊಡ್ಡದಿರಬೇಕು. ಇದ್ದ ಪ್ಯಾಂಟಿಗೇ ತುರುಕಿ ‘ಹೋಲ್‌ಸ್ಟರ್ ಸರಿಯಿಲ್ಲ’ ಎಂದು ದೂರುವವರು ಬಹಳ. ಪಿಸ್ತೂಲು ಮತ್ತು ಮೈಯ ನಡುವೆ ಎದ್ದು ನಿಲ್ಲುವ ಒಂದು ಹಾಳೆ ಹೋಲ್‌ಸ್ಟರ್‌ಗೆ ಇರಲಿ. ಅದು ಬೆವರನ್ನು ಲೋಹದಿಂದಲೂ ಲೋಹದ ಮೂಲೆಗಳನ್ನು ಮೈಯಿಂದಲೂ ದೂರ ಇಡುತ್ತದೆ. ಹೊರಗೆ ಕಟ್ಟುವುದು ಇನ್ನೂ ಹಿತ. ಅಂಗಿಯನ್ನು ಹೊರಗೆ ಬಿಟ್ಟು ಹಾಕುವ ನಮ್ಮವರಿಗೆ ಅದೂ ಸಾಧ್ಯ, ಅಂಗಿ ಉದ್ದವಿದ್ದರೆ.

ಪಂಚೆ ಉಡುವವರಿಗೆ ಬೆಲ್ಟಿನ ಕೊಕ್ಕೆಗಳೇ ಇಲ್ಲವಲ್ಲ. ಪಂಚೆಯ ಗಂಟಿಗೆ ಹೋಲ್‌ಸ್ಟರ್ ಸಿಕ್ಕಿಸುವುದು ನೆಲಕ್ಕೆ ಬೀಳಿಸುವುದಕ್ಕೆ ಸಮ. ಸೊಂಟದ ಸುತ್ತ ಕಟ್ಟುವ ಅಗಲವಾದ ಎಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ. ಟ್ರಿಗರ್ ಮುಚ್ಚುವ ಗಡುಸು ಚಿಪ್ಪು ಅದರಲ್ಲಿದ್ದರೆ ಮಾತ್ರ ತೆಗೆದುಕೊಳ್ಳಿ. ಬರೀ ಎಲಾಸ್ಟಿಕ್ಕಿನ ಜೇಬು ಇದ್ದದ್ದು ಬೇಡ. ಎರಡು ಪಟ್ಟಿ ಇಟ್ಟುಕೊಂಡು ದಿನಬಿಟ್ಟು ದಿನ ಒಗೆಯಿರಿ, ಇಲ್ಲವಾದರೆ ಬೆವರುಸಾಲೆ ಖಂಡಿತ.

ಬೆಲ್ಟಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನನ್ನ ಬಳಿ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಬೆಲ್ಟಿನದು. ತೆಳುವಾದ, ರೆಗ್ಜಿನ್ ಅಂಟಿಸಿದ ಬೆಲ್ಟು ಅರ್ಧ ಕಿಲೋ ತೂಕಕ್ಕೆ ಹೊರಳುತ್ತದೆ. ಹೋಲ್‌ಸ್ಟರ್ ಹೊರಗೆ ವಾಲುತ್ತದೆ, ವಾಲಿದ್ದನ್ನು ಹಿಡಿಯಲು ನೀವು ಬೆಲ್ಟನ್ನು ಇನ್ನೊಂದು ತೂತು ಬಿಗಿಯುತ್ತೀರಿ, ಹೊಟ್ಟೆ ನೋಯುತ್ತದೆ. ಎರಡು ಪದರ ಚರ್ಮ ಸೇರಿಸಿ ಹೊಲಿದ, ಒಂದೂವರೆ ಇಂಚು ಅಗಲದ ಬೆಲ್ಟು ಇರಲಿ. ಅಡ್ಡಕ್ಕೆ ಹಿಡಿದು ಮಡಚಲು ನೋಡಿದರೆ ಮಡಚಬಾರದು. ಹೋಲ್‌ಸ್ಟರ್‌ನ ಕೊಕ್ಕೆಯ ಅಗಲವೂ ಅಷ್ಟೇ ಇರಬೇಕು. ಸಡಿಲವಿದ್ದರೆ ದಿನವಿಡೀ ಹಿಂದೆ ಮುಂದೆ ಸರಿಯುತ್ತದೆ, ಅದನ್ನು ಸರಿಮಾಡುತ್ತಾ ಇರುವ ನಿಮ್ಮ ಕೈಯೇ ಪಿಸ್ತೂಲು ಎಲ್ಲಿದೆಯೆಂದು ಜನರಿಗೆ ತೋರಿಸಿಕೊಡುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದೆರಡೇ ಮಾತು. ತೆಳುವಾದ ಬಿಳಿ ಅಂಗಿ ಮಳೆಯಲ್ಲಿ ನೆನೆದರೆ ಎಲ್ಲವೂ ಕಾಣುತ್ತದೆ. ಗಾಢ ಬಣ್ಣ, ಚೌಕುಳಿ, ತುಸು ದಪ್ಪ ಹತ್ತಿ ಒಳ್ಳೆಯದು. ಮೇಲಿನ ಹಲಗೆಗೆ ಕೈ ಚಾಚಿದಾಗ ಅಂಗಿಯ ಅಂಚು ಎಷ್ಟು ಏರುತ್ತದೆ ಎಂದು ಕನ್ನಡಿಯ ಮುಂದೆ ನೋಡಿಕೊಳ್ಳಿ. ಕೆಳಗೆ ಬಿದ್ದದ್ದನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸುವ ರೂಢಿ ಮಾಡಿಕೊಳ್ಳಿ. ಕಾರಿನಲ್ಲಿ ಸೀಟ್ ಬೆಲ್ಟಿನ ಸೊಂಟದ ಪಟ್ಟಿ ಹೋಲ್‌ಸ್ಟರ್‌ನ ಮೇಲೆ ಅಲ್ಲ, ಅದರ ಕೆಳಗೆ ಹಾದುಹೋಗಲಿ.

ಮನೆಯಲ್ಲಿ ಪರೀಕ್ಷೆ

ಹೊಸ ಹೋಲ್‌ಸ್ಟರ್ ಬಂದ ದಿನವೇ ಹೊರಗೆ ಹೋಗಬೇಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಪಿಸ್ತೂಲಿನೊಂದಿಗೆ ಒಂದು ರಜಾದಿನವನ್ನು ಮನೆಯಲ್ಲಿ ಕಳೆಯಿರಿ. ನೆಲದ ಮೇಲೆ ಕೂತು ಊಟ ಮಾಡಿ, ಮೆಟ್ಟಿಲು ಹತ್ತಿ, ನಿಂತ ಸ್ಕೂಟರಿನ ಮೇಲೆ ಕಾಲು ಹಾಕಿ ಕೂತು ನೋಡಿ, ಕಾರಿನಲ್ಲಿ ಬೆಲ್ಟು ಹಾಕಿ ಕಾಲು ಗಂಟೆ ಕೂರಿ. ಚರ್ಮ ಬಿಗಿಯಾಗಿದ್ದರೆ ಖಾಲಿ ಪಿಸ್ತೂಲನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಳಗಿಟ್ಟು, ರಾತ್ರಿ ಬೀಗದ ಪೆಟ್ಟಿಗೆಯಲ್ಲಿಡಿ. ಬೆಳಿಗ್ಗೆಗೆ ಹದಕ್ಕೆ ಬಂದಿರುತ್ತದೆ. ಎಣ್ಣೆ ಹಚ್ಚಿ ಸಡಿಲಿಸಲು ಹೋಗಬೇಡಿ.

ಶೌಚಾಲಯದ ಪರೀಕ್ಷೆಯನ್ನೂ ಮಾಡಲೇಬೇಕು. ಸಂಕೋಚದಿಂದ ಇದನ್ನು ಯಾರೂ ಹೇಳುವುದಿಲ್ಲ. ಕುಕ್ಕರಗಾಲಲ್ಲಿ ಕೂರುವಾಗ ಬೆಲ್ಟು ಬಿಚ್ಚಿದರೆ ಹೋಲ್‌ಸ್ಟರ್ ತೂಗಾಡುತ್ತದೆ, ಹಿಡಿತ ಕಡಿಮೆಯಿದ್ದರೆ ಪಿಸ್ತೂಲು ಕೆಳಗೆ ಬೀಳುತ್ತದೆ. ಬಾಗಿಲಿನ ಮೊಳೆಗೆ, ಬಕೆಟಿನ ಮೇಲೆ, ಕಿಟಕಿಯ ಹಲಗೆಗೆ ಇಟ್ಟು ಮರೆತು ಬರುವುದು ಇದಕ್ಕಿಂತ ಕೆಟ್ಟದ್ದು. ಪಿಸ್ತೂಲನ್ನು ಹೋಲ್‌ಸ್ಟರ್‌ನಿಂದ ಹೊರತೆಗೆಯದೆ, ಕೊಕ್ಕೆ ಬಿಚ್ಚಿ ಹೋಲ್‌ಸ್ಟರ್‌ಸಮೇತ ಕೈಗೆ ಬರುವಂಥದ್ದನ್ನೇ ಆರಿಸಿ. ಕೆಳಗಿಳಿಸಿದ ಪ್ಯಾಂಟಿನ ಮಡಿಕೆಯೊಳಗೆ, ಎರಡು ಕಾಲುಗಳ ನಡುವೆ ಇಟ್ಟುಕೊಳ್ಳಿ. ಅದನ್ನು ಮುಟ್ಟದೆ ಎದ್ದು ನಿಲ್ಲುವುದು ಸಾಧ್ಯವೇ ಇಲ್ಲ, ಆದ್ದರಿಂದ ಮರೆಯುವುದೂ ಸಾಧ್ಯವಿಲ್ಲ.

ಕಟ್ಟಿಕೊಳ್ಳಬಾರದ ಜಾಗಗಳು

ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು. ನಮ್ಮ ಕಡೆಯ ಮದುವೆ, ಉಪನಯನದ ಊಟದ ಪಂಕ್ತಿಯಲ್ಲೂ ಹೆಗಲ ಮೇಲೆ ಶಲ್ಯ ಮಾತ್ರ. ಅಂಥ ದಿನ ಪಿಸ್ತೂಲು ಮನೆಯ ಬೀಗದಲ್ಲೇ ಇರಲಿ. ಕಾರಿನಲ್ಲಿಟ್ಟು ಒಳಗೆ ಹೋಗುವುದು ಪರಿಹಾರವಲ್ಲ. ಮಾರಿಕಾಂಬೆಯ ಜಾತ್ರೆಯ ನೂಕುನುಗ್ಗಲಿಗೆ ಯಾವ ಹೋಲ್‌ಸ್ಟರೂ ಸರಿಸಾಟಿಯಲ್ಲ. ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸುವುದು 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ದಾರಿ.

ಕಾರವಾರದಿಂದ ಕದ್ರಾ, ಅಣಶಿ ಮಾರ್ಗವಾಗಿ ಜೋಯಿಡಾಕ್ಕೆ ಹೋಗುವವರು ನೆನಪಿಡಿ, ಆ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡನ್ನು ಹಾದುಹೋಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ಪರವಾನಗಿ ಪತ್ರ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಮಾಜಾಳಿ ದಾಟಿದರೆ ಗೋವಾ. ಪರವಾನಗಿಯಲ್ಲಿ ಯಾವ ಪ್ರದೇಶಕ್ಕೆ ಸಿಂಧು ಎಂದು ಬರೆದಿದೆಯೋ ಓದಿಕೊಂಡೇ ಗಡಿ ದಾಟಿ. ಚುನಾವಣೆ ಘೋಷಣೆಯಾದಾಗ ಜಿಲ್ಲಾಡಳಿತದ ಆದೇಶ ಬಂದರೆ ಆಯುಧವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು.

ಒರೆಸುವುದು, ಒಣಗಿಸುವುದು

ರಾತ್ರಿ ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಡಬೇಡಿ. ಹಗಲಿನ ಬೆವರೆಲ್ಲ ಚರ್ಮದೊಳಗಿರುತ್ತದೆ, ಮಳೆಗಾಲವಾದರೆ ಕೆಲವೇ ದಿನಗಳಲ್ಲಿ ಲೋಹದ ಮೇಲೆ ಕಂದು ಚುಕ್ಕೆ ಏಳುತ್ತದೆ. ಪಿಸ್ತೂಲನ್ನು ಒಣಬಟ್ಟೆಯಿಂದ ಒರೆಸಿ, ಬಂದೂಕಿನ ಎಣ್ಣೆಯನ್ನು ತೆಳುವಾಗಿ ಸವರಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬೀಗದ ಪೆಟ್ಟಿಗೆಯಲ್ಲಿಡಿ. ತೆಂಗಿನೆಣ್ಣೆ ಬೇಡ. ಅದು 24 ಡಿಗ್ರಿ ಸುತ್ತಮುತ್ತ ಗಟ್ಟಿಯಾಗುತ್ತದೆ, ಶಿರಸಿಯ ಡಿಸೆಂಬರಿನ ಬೆಳಗು ಅದಕ್ಕಿಂತ ತಂಪು.

ಹೋಲ್‌ಸ್ಟರನ್ನು ಗಾಳಿಯಾಡುವ ಕಡೆ ಬೇರೆಯಾಗಿ ತೂಗುಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಚರ್ಮ ಸಿಡಿಯುತ್ತದೆ, ಬಿಸಿಲಿಗೂ ಅಷ್ಟೇ. ಬೂಷ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿ ಗಾಳಿಗಿಡಿ. ಹೊರಮೈಗೆ ಮಾತ್ರ ತುಸು ಮೇಣದ ಪಾಲಿಶ್ ಹಚ್ಚಬಹುದು. ಕೈಡೆಕ್ಸಿನದ್ದಾದರೆ ವಾರಕ್ಕೊಮ್ಮೆ ಸ್ಕ್ರೂ ಬಿಗಿಯಿದೆಯೇ ಎಂದು ನೋಡಿ, ಒಳಗೆ ಸೇರಿದ ಮರಳು ತೊಳೆಯಿರಿ.

ವರ್ಷಕ್ಕೆರಡು ಬಾರಿ, ಮಳೆಗಾಲದ ಮೊದಲು ಮತ್ತು ನಂತರ, ತಲೆಕೆಳಗಾಗಿಸುವ ಪರೀಕ್ಷೆಯನ್ನು ಮತ್ತೆ ಮಾಡಿ. ಬಾಯಿ ಮೆತ್ತಗಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಟ್ರಿಗರ್ ಬಳಿಯ ಚರ್ಮ ಬೆರಳಿಗೆ ಬಗ್ಗುತ್ತಿದ್ದರೆ ಅದರ ಆಯುಸ್ಸು ಮುಗಿಯಿತು. ಇನ್ನೊಬ್ಬರಿಗೆ ಕೊಡಬೇಡಿ, ಅಟ್ಟಕ್ಕೂ ಎಸೆಯಬೇಡಿ. ಕತ್ತರಿಯಿಂದ ಎರಡು ತುಂಡು ಮಾಡಿ ಬಿಸಾಡಿ, ಆ ಮರದ ಅಚ್ಚನ್ನು ತೆಗೆದುಕೊಂಡು ಹೊಸದನ್ನು ಹೊಲಿಸಲು ಕೊಡಿ.